ನಮ್ಮ ಬಾಗಿಲ ಮುಂದಿನ ಗಟಾರ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ, ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಕಾರಕೂನಿಕೆ ಮಾಡುವವ. ಗಟಾರದ ವಿಷಯ ಮಾತನಾಡುತ್ತೇನೆಂದು ನಗಬೇಡಿರಿ. ಮುಂಬಯಿಯಲ್ಲಿ ಸಂಸಾರ ಹೂಡಿದವನಿಗೆ ಗಟಾರ ಸಣ್ಣ ವಿಷಯವಲ್ಲ.

ಕಳೆದ ಮಳೆಗಾಲದಲ್ಲಿ ಕುರ್ಲಾದ ನಮ್ಮ ಚಾಳಿನ ಕೆಳಗಿನ ಖೋಲಿಗಳಲ್ಲಿ ಮೊಳಕಾಲುದ್ದ ನೀರು ನಿಂತಿತು. ಮುನಸಿಪಾಲ್ಟಿಯನ್ನು ನಾವೆಲ್ಲ ಬಾಯ್ತುಂಬ ಬೈದೆವು. ನೀರು ಇಳಿದ ಮೇಲೆ ನಾಲ್ಕು ಜನ ಸೇರಿ ಗಟಾರದ ಜಾಳಿ ಕೆದಕಿದರೆ ಬಂದದ್ದೇನು? ಹಾಲಿನ ಚೀಲ, ಗುಟಕಾ ಪುಡಿಕೆ, ಎಳನೀರಿನ ಬುರುಡೆ. ಊರಿನಿಂದ ಜೋಳದ ಹಿಟ್ಟು ತಂದ ಚೀಲವೂ ಇತ್ತು. ಅದರ ಮೇಲೆ ನನ್ನದೇ ಕೈಬರಹದಲ್ಲಿ ನನ್ನ ಹೆಸರು! ಅಂದಿನಿಂದ ನನ್ನ ಬಾಯಿ ಕಟ್ಟಿತು. ಆ ನೀರಿನಲ್ಲಿ ಓಡಾಡಿದ ನೆರೆಮನೆಯ ಹುಡುಗನಿಗೆ ಕಾಲಿನಲ್ಲಿ ಗಾಯವಿತ್ತು. ಎರಡನೆಯ ವಾರದಲ್ಲಿ ಲೆಪ್ಟೊ ಜ್ವರ ಬಂತು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಜ್ವರವದು. ಹುಡುಗ ಉಳಿದ, ಅದು ನಮ್ಮ ಪುಣ್ಯ.

ಈ ನಗರದಲ್ಲಿ ಸಂಡಾಸಿನ ನೀರಿಗೆ ಬೇರೆ ಕೊಳವೆ, ಮಳೆಯ ನೀರಿಗೆ ಬೇರೆ ಗಟಾರ. ಕೊಳವೆಯ ನೀರು ಶುದ್ಧೀಕರಣ ಕೇಂದ್ರಕ್ಕೆ ಹೋಗಬೇಕಾದದ್ದು. ಮಳೆಯ ಗಟಾರಕ್ಕೆ ಶುದ್ಧೀಕರಣವಿಲ್ಲ. ನಾವು ಚೆಲ್ಲಿದ ಎಣ್ಣೆ, ಎಸೆದ ಕಸ ಇದ್ದ ಹಾಗೆಯೇ ನಾಲೆಗೆ, ಅಲ್ಲಿಂದ ಮಿಠೀ ನದಿಗೆ, ಕೊನೆಗೆ ಮಾಹಿಮ್ ಖಾಡಿಗೆ ಸೇರುತ್ತವೆ. ಸಮುದ್ರಕ್ಕೆ ಭರತಿ ಬಂದಾಗ ನೀರು ಹೊರಬೀಳಲಾರದೆ ಹಿಂದೆ ನಿಲ್ಲುತ್ತದೆ. ಆಗ ನಮ್ಮ ಹೊಲಸು ನಮ್ಮ ಬಾಗಿಲಿಗೇ ಮರಳುತ್ತದೆ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿವಸ 944 ಮಿಲಿಮೀಟರ್ ಮಳೆ ಬಿತ್ತು. ನಗರದ ಹಳೆಯ ಗಟಾರಗಳು ತಾಸಿಗೆ 25 ಮಿಲಿಮೀಟರ್ ಮಳೆಯ ಲೆಕ್ಕದಲ್ಲಿ ಕಟ್ಟಿದವು. ಅಂದಿನ ಅನಾಹುತಕ್ಕೆ ಕಸವೊಂದೇ ಕಾರಣವಲ್ಲ, ನಿಜ. ಆದರೆ ಮೊದಲೇ ಸಾಲದ ಗಟಾರವನ್ನು ನಾವೂ ತುಂಬಿಸಿದರೆ ಗತಿಯೇನು? ಪ್ಲಾಸ್ಟಿಕ್ ಕೈಚೀಲಗಳನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿ ನಿಷೇಧಿಸಿತು. ಕಾಯಿದೆ ಸರಕಾರದ್ದು, ಕೈ ನಮ್ಮದು.

ನಾವು ಮಾಡಬಹುದಾದದ್ದು ಇಷ್ಟು. ಗುಡಿಸಿದ ಕಸವನ್ನು ಗಟಾರಕ್ಕೆ ತಳ್ಳದೆ ಡಬ್ಬಿಗೆ ತುಂಬಿರಿ. ಕರಿದ ಎಣ್ಣೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿರಿ. ಗಾಡಿಯಿಂದ ತೆಗೆದ ಎಣ್ಣೆಯನ್ನು ಗ್ಯಾರೇಜಿನವರಿಗೇ ಕೊಡಿರಿ. ಗಾಡಿಯನ್ನು ಗಟಾರದ ಬಾಯಲ್ಲಿ ತೊಳೆಯದೆ ಒದ್ದೆ ಬಟ್ಟೆಯಿಂದ ಒರೆಸಿರಿ. ರಿಪೇರಿಯ ಉಸುಕು, ಸಿಮೆಂಟು ರಸ್ತೆಯ ಮೇಲೆ ಬಿಡಬೇಡಿರಿ. ನಿಂತ ನೀರಿನಲ್ಲಿ ನಡೆದು ಬಂದರೆ ಸಾಬೂನು ಹಚ್ಚಿ ಕಾಲು ತೊಳೆಯಿರಿ. ಗಾಯವಿದ್ದರೆ ತಡಮಾಡದೆ ದವಾಖಾನೆಗೆ ತೋರಿಸಿರಿ.

ಇನ್ನೊಂದು ಮಾತು. ಬೇಸಿಗೆಯಿಡೀ ಕೂಡಿದ ಧೂಳು, ಎಣ್ಣೆ, ಹೊಲಸು ಹೆಚ್ಚಾಗಿ ಮೊದಲ ಮಳೆಗೇ ಕೊಚ್ಚಿಹೋಗುತ್ತವೆ. ಆದುದರಿಂದ ಗುಡಿಸುವ ಕೆಲಸ ಜೂನ್ ಬರುವ ಮೊದಲೇ ಆಗಬೇಕು. ಮೇ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ ಪತ್ರಿಕೆ ಓದುವ ಹೊತ್ತಿನಲ್ಲಿ ಒಂದು ತಾಸು ಈ ಕೆಲಸಕ್ಕೆ ಕೊಡಿರೆಂದು ವಿನಂತಿ. ಕಸಬರಿಗೆ ನಿಮ್ಮದು, ಬುಟ್ಟಿ, ಚಹ ಸಂಘದ್ದು.