ವೇಗದ ಬಂಡಿಯ ಪರೀಕ್ಷೆ

ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡಿದ ಮಾತ್ರಕ್ಕೆ ಹಣ ಎಣಿಸುವುದಿಲ್ಲ. ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮೋಟಾರು ಬಂಡಿಯ ವಿಷಯದಲ್ಲಿ ಮಾತ್ರ ನಾವು ಅಂಕಿಗಳಿಗೇ ಮಾರುಹೋಗುತ್ತೇವೆ. ಎಷ್ಟು ಅಶ್ವಶಕ್ತಿ? ಗಂಟೆಗೆ ಎಷ್ಟು ಮೈಲಿ? ವೇಗಕ್ಕೆಂದೇ ಹುಟ್ಟಿದ ಬಂಡಿಯನ್ನು ಅಳೆಯುವುದಕ್ಕೂ ಈ ಎರಡು ಪ್ರಶ್ನೆಗಳು ಸಾಲವೆಂಬುದಕ್ಕೆ ಜಪಾನಿನ ಹೋಂಡಾ ಕಂಪನಿಯ ಎನ್‌ಎಸ್‌ಎಕ್ಸ್ ಎಂಬ ಬಂಡಿ ಒಳ್ಳೆಯ ಸಾಕ್ಷಿ.

1989ರಲ್ಲಿ ಅಮೆರಿಕದ ಷಿಕಾಗೋ ಪ್ರದರ್ಶನದಲ್ಲಿ ಕಾಣಿಸಿಕೊಂಡು, 1990ರಲ್ಲಿ ಮಾರಾಟಕ್ಕೆ ಬಂದ ಈ ಬಂಡಿಯಲ್ಲಿ ಇಬ್ಬರಿಗೆ ಮಾತ್ರ ಸ್ಥಳ. ಮೂರು ಲೀಟರಿನ, ಆರು ಸಿಲಿಂಡರುಗಳ ಎಂಜಿನ್ನು ಆಸನಗಳ ಬೆನ್ನ ಹಿಂದೆಯೇ ಇದೆ. ಭಾರವು ಹೀಗೆ ನಡುವಿಗೆ ಹತ್ತಿರವಿದ್ದರೆ ಬಂಡಿ ತಿರುವಿನಲ್ಲಿ ಚುರುಕಾಗಿ ಹೊರಳುತ್ತದೆ. ಒಡಲನ್ನು ಉಕ್ಕಿಗೆ ಬದಲು ಅಲ್ಯುಮಿನಿಯಮ್ಮಿನಿಂದ ಕಟ್ಟಿದುದರಿಂದ ತೂಕ ಸುಮಾರು 1350 ಕಿಲೋಗ್ರಾಂಗೆ ನಿಂತಿತು. ಇಷ್ಟೆಲ್ಲ ಇದ್ದೂ ಶಕ್ತಿ ಸುಮಾರು 280 ಅಶ್ವಶಕ್ತಿ. ಅಂಕಿಗಳ ಪಂದ್ಯದಲ್ಲಿ ಇಟಲಿಯ ಫೆರಾರಿ ಮುಂದಿತ್ತು.

ಹಾಗಾದರೆ ಇದರ ಹೆಚ್ಚುಗಾರಿಕೆ ಯಾವುದು? ಓಡಿಸುವವನ ಕುರಿತು ತೋರಿದ ಗೌರವ. ಇಂಥ ಬಂಡಿಗಳಲ್ಲಿ ಸಾಮಾನ್ಯವಾಗಿ ಹಿಂದೆ ಏನಿದೆಯೆಂದು ಕಾಣದು. ಕ್ಲಚ್ಚು ತುಳಿದು ಕಾಲು ಸೋಲುತ್ತದೆ. ಇದರ ಶಿಲ್ಪಿಗಳಾದರೋ ಯುದ್ಧವಿಮಾನದ ಚಾಲಕನ ಗೂಡನ್ನು ಮಾದರಿಯಾಗಿ ಹಿಡಿದು, ಸುತ್ತಲೂ ಕಣ್ಣು ಹಾಯುವಂತೆ ಗಾಜು ಕೂಡಿಸಿದರು. ಬೆಳಗ್ಗೆ ಕಚೇರಿಗೆ ಹೋಗಲೂ ಸಂಜೆ ಪಂದ್ಯದ ಹಾದಿಯಲ್ಲಿ ಓಡಲೂ ಒಂದೇ ಬಂಡಿ ಒದಗಬೇಕೆಂಬುದು ಅವರ ಹಂಬಲ.

ಪರೀಕ್ಷೆಯ ಬಗೆಯನ್ನೂ ಗಮನಿಸಿ. 1989ರಲ್ಲಿ ಬ್ರೆಜಿಲಿನ ಜಗಜ್ಜೇತ ಚಾಲಕ ಅಯರ್ಟನ್ ಸೆನ್ನಾ, ಸುಜುಕಾದ ಪಂದ್ಯದ ಹಾದಿಯಲ್ಲಿ ಇದರ ಮೊದಲ ಮಾದರಿಯನ್ನು ಓಡಿಸಿ, ಬಂಡಿ ಕೊಂಚ ನಾಜೂಕೆಂದು ತೋರುತ್ತದೆಂದು ಹೇಳಿದ. ಹೊಗಳಿಕೆಯನ್ನು ನಿರೀಕ್ಷಿಸಿದವರಿಗೆ ಇದು ಕಹಿ. ಆದರೆ ತಂಡ ವಾದಕ್ಕಿಳಿಯಲಿಲ್ಲ. ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ಕಠಿಣ ತಿರುವುಗಳಲ್ಲಿ ತಿಂಗಳುಗಟ್ಟಲೆ ಓಡಿಸಿ, ಒಡಲಿನ ಬಿಗಿತನವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಿತು.

ದೋಷಗಳಿಲ್ಲವೆಂದಲ್ಲ. ಮೊದಲ ಬಂಡಿಗಳ ಹಿಂದಿನ ಟಯರುಗಳು ಬೇಗ ಸವೆಯುತ್ತಿದ್ದವು. ಅಲ್ಯುಮಿನಿಯಮ್ ಒಡಲು ನಜ್ಜಾದರೆ ಅದನ್ನು ತಿದ್ದುವ ಕುಶಲಿಗಳು ಅಪರೂಪ, ಖರ್ಚು ಬಹಳ. ಸಾಮಾನಿಗೆ ಜಾಗ ಕಡಮೆ. ಇವನ್ನು ಮರೆಮಾಚಿ ಮಾಡಿದ ಮೌಲ್ಯಮಾಪನ ಜಾಹೀರಾತಾದೀತು, ವಿಮರ್ಶೆಯಾಗದು.

ಆದರೂ, 1992ರಲ್ಲಿ ಹೊರಬಂದ, ಇದಕ್ಕಿಂತ ಎಷ್ಟೋ ವೇಗದ ಮೆಕ್ಲಾರೆನ್ ಎಫ್1 ಬಂಡಿಯ ಶಿಲ್ಪಿ ಗಾರ್ಡನ್ ಮರ್ರೆ, ನಡೆಯ ಹದಕ್ಕೆ ಒರೆಗಲ್ಲಾಗಿ ಆರಿಸಿಕೊಂಡುದು ಈ ಜಪಾನೀ ಬಂಡಿಯನ್ನೇ. ಎರಡು ಪಟ್ಟಿಗಿಂತ ಹೆಚ್ಚು ಶಕ್ತಿಯ ಬಂಡಿಯನ್ನು ಕಟ್ಟುವವನಿಗೂ ಇದರಿಂದ ಕಲಿಯುವುದಿತ್ತು.

2005ರಲ್ಲಿ ಈ ಮೊದಲ ಪೀಳಿಗೆಯ ತಯಾರಿಕೆ ನಿಂತಿತು. ನಮ್ಮಲ್ಲಿ ಬಹುಮಂದಿ ಇಂಥ ಬಂಡಿಯನ್ನು ಕೊಳ್ಳಲಿಕ್ಕಿಲ್ಲ. ಆದರೆ ಅದು ಕಲಿಸುವ ಪಾಠಕ್ಕೆ ಬೆಲೆ ತೆರಬೇಕಾಗಿಲ್ಲ. ವೇಗ ಹೆಚ್ಚಿದಷ್ಟೂ ತಪ್ಪಿಗೆ ಕೊಡುವ ದಂಡ ಹೆಚ್ಚು; ಆ ದಂಡ ತೆರುವವರಲ್ಲಿ ದಾರಿಹೋಕರೂ ಇರುತ್ತಾರೆ. ಆದುದರಿಂದ ಮುಂದಿನ ಸಲ ಯಾವ ಬಂಡಿಯ ಬೀಗದಕೈ ಹಿಡಿದಾಗಲೂ, ಇದು ಎಷ್ಟು ಓಡೀತೆಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಓಡಿಸುವ ನನಗೆ ದಾರಿ ಚೆನ್ನಾಗಿ ಕಾಣುವುದೇ, ಬಂಡಿ ನನ್ನ ಮಾತು ಕೇಳುವುದೇ?