ಕೊನೆಗೆ ಕೈಯಿಟ್ಟ ಜಾಗ



ಮನೆಯಲ್ಲಿ ಕೆಟ್ಟ ವಸ್ತುವನ್ನು ತಾನೇ ಬಿಚ್ಚಿ ಸರಿಪಡಿಸಬೇಕೆಂಬ ಚಪಲ ನಮ್ಮಲ್ಲಿ ಅನೇಕರಿಗೆ ಉಂಟು. ಬಿಚ್ಚುವುದು ಸುಲಭ, ಕೂಡಿಸುವುದೂ ಅಷ್ಟೇನೂ ಕಷ್ಟವಲ್ಲ. ಆದರೆ ಕೂಡಿಸಿದ ಮೇಲೆ ಅದು ನಡೆಯದೆ ಹೋದಾಗ ನಮ್ಮ ಬುದ್ಧಿ ಯಾವ ದಾರಿಯನ್ನು ಹಿಡಿಯುತ್ತದೆ? ಈ ಹೊತ್ತು ನಾನು ಹೇಳಬೇಕೆಂದಿರುವುದು ಅದನ್ನೇ.

ಹೊಸ ತಿಪ್ಪಸಂದ್ರದ ನಮ್ಮ ಮನೆಯ ಮುಂದೆ ತಂದೆಯವರ ಕಾಲದ ಒಂದು ಪ್ರೀಮಿಯರ್ ಪದ್ಮಿನಿ ಕಾರು ನಿಂತಿದೆ. ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳು ಕೂಡ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದುವು. ನಮ್ಮದು ಮಾತ್ರ ಇನ್ನೂ ಉಸಿರಾಡುತ್ತಿದೆ. ಈ ಕಾರಿಗೂ ನಮ್ಮ ಬಡಾವಣೆಗೂ ಒಂದು ನಂಟಿದೆ. 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ತೆರೆದ ವಾಲ್‌ಚಂದ್ ಹೀರಾಚಂದರೇ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದವರು. ಆ ವಿಮಾನ ಕಾರ್ಖಾನೆಯೇ ಇಂದಿನ ಎಚ್.ಎ.ಎಲ್. ಅಲ್ಲಿ ದುಡಿದು ನಿವೃತ್ತರಾದವರು ನಮ್ಮ ಬೀದಿಬೀದಿಯಲ್ಲಿಯೂ ಇದ್ದಾರೆ.

ಒಂದು ಭಾನುವಾರ ನಾನು ಈ ಕಾರಿನ ಪ್ಲಗ್ಗುಗಳನ್ನೂ ಪಾಯಿಂಟನ್ನೂ ಬದಲಾಯಿಸಲು ಕುಳಿತೆ. ಹತ್ತು ವರ್ಷದ ಮೊಮ್ಮಗ ಟಾರ್ಚು ಹಿಡಿದು ನಿಂತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಇಂಜಿನ್ನನ್ನು ಚಾಲೂ ಮಾಡಿ ನೋಡದೆ ಬಾನೆಟ್ಟನ್ನು ಮುಚ್ಚಿದೆ. ಮರುದಿನ ಬೆಳಿಗ್ಗೆ ನನ್ನ ವೃದ್ಧ ತಾಯಿಯವರನ್ನು ಕಣ್ಣಿನ ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಕರೆದೊಯ್ಯಬೇಕಾಗಿತ್ತು. ಅವರು ಕಾರಿನಲ್ಲಿ ಕುಳಿತರು; ನಾನು ಕೀಲಿ ತಿರುಗಿಸಿದೆ. ಇಂಜಿನ್ನು ಗಿರ್ರನೆ ಸುತ್ತಿತು, ಕೆಮ್ಮಿತು, ಕಾರ್ಬುರೇಟರಿನ ಬಾಯಿಂದ ಒಮ್ಮೆ ಫಟ್ಟೆಂದಿತು. ಚಾಲೂ ಆಗಲಿಲ್ಲ.

ಆಗ ನಾನು ಯಾರನ್ನು ದೂರಲಿಲ್ಲ? ಪೆಟ್ರೋಲು ಕಲಬೆರಕೆಯೆಂದೆ; ಬ್ಯಾಟರಿ ಮಾರಿದವನು ಮೋಸಗಾರನೆಂದೆ; ರಾತ್ರಿಯ ತಂಪಿಗೆ ವೈರು ಒದ್ದೆಯಾಗಿದೆಯೆಂದೆ. ಕೊನೆಗೆ ಮೊಮ್ಮಗನ ಕಡೆ ತಿರುಗಿ, "ನೀನೇ ಎಲ್ಲಿಯೋ ಕೈಯಾಡಿಸಿರಬೇಕು" ಎಂದು ಗದರಿಸಿದೆ. ಅವನು ತಲೆ ತಗ್ಗಿಸಿದ. ತಾಯಿಯವರು ಸೊಸೆಯೊಡನೆ ಆಟೋದಲ್ಲಿ ಹೊರಟರು.

ಗದ್ದಲ ಕೇಳಿ ಪಕ್ಕದ ಮನೆಯವರು ಬಂದರು. ವಿಮಾನದ ಇಂಜಿನ್ನುಗಳ ದುರಸ್ತಿಯಲ್ಲಿ ಆಯುಷ್ಯವನ್ನು ಕಳೆದವರು. ನನ್ನ ಊಹೆಗಳನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಅದೆಲ್ಲ ಆಮೇಲೆ, ಮೇಷ್ಟ್ರೆ. ನಿನ್ನೆ ಯಾವುದಕ್ಕೆಲ್ಲ ಕೈ ಹಾಕಿದಿರಿ?"

ಮಿತ್ರರೆ, ಇಡೀ ವಿದ್ಯೆ ಈ ಪ್ರಶ್ನೆಯಲ್ಲಿದೆ. ನಿನ್ನೆ ಓಡುತ್ತಿದ್ದ ಗಾಡಿ ಇಂದು ಓಡದಿದ್ದರೆ, ನಡುವೆ ಬದಲಾದುದು ಏನೋ ಅದೇ ಮೊದಲ ಆರೋಪಿ. ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯಬೇಕು.

ಅವರು ಹಾಗೆಯೇ ನಡೆದರು. ಮೊದಲು ಗೇರನ್ನು ನ್ಯೂಟ್ರಲ್ಲಿಗೆ ತಂದು ಕೈಬ್ರೇಕು ಎಳೆದರು. ಪೆಟ್ರೋಲಿನ ವಾಸನೆ ಹೆಚ್ಚಾಗಿಲ್ಲವೆಂಬುದನ್ನು ಖಚಿತಪಡಿಸಿಕೊಂಡರು. ಇಂಜಿನ್ನು ಸುತ್ತುವುದೇ ಇಲ್ಲವೆಂದರೆ ದೋಷ ಸಾಮಾನ್ಯವಾಗಿ ಬ್ಯಾಟರಿಯಲ್ಲೋ, ಅದರ ಸಡಿಲವಾದ ತುದಿಗಳಲ್ಲೋ, ಸ್ಟಾರ್ಟರಿನಲ್ಲೋ ಇರುತ್ತದೆ. ನಮ್ಮದು ಚೆನ್ನಾಗಿ ಸುತ್ತುತ್ತಿತ್ತು, ಬ್ಯಾಟರಿ ನಿರಪರಾಧಿ. ಸುತ್ತಿಯೂ ಹೊತ್ತಿಕೊಳ್ಳದಿದ್ದರೆ ಕೊರತೆ ಪೆಟ್ರೋಲಿನದು ಅಥವಾ ಕಿಡಿಯದು. ನಾನು ಪೆಟ್ರೋಲಿನ ದಾರಿಯನ್ನು ಮುಟ್ಟಿರಲಿಲ್ಲ. ಉಳಿದುದು ಕಿಡಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗಿನ ರೋಟರನ್ನು ಹಾಕಲು ಮರೆಯುವವರು ಬಹಳವಂತೆ, ನಾನು ಮರೆತಿರಲಿಲ್ಲ. ಪಾಯಿಂಟಿನ ಸಂದು ಅಳತೆಗೆ ಸರಿಯಾಗಿಯೇ ಇತ್ತು. ಆಮೇಲೆ ಮುಚ್ಚಳದಿಂದ ಪ್ಲಗ್ಗುಗಳಿಗೆ ಹೋಗುವ ನಾಲ್ಕು ವೈರುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಂಬಾಲಿಸಿ, ನಕ್ಕರು.

ಆ ಇಂಜಿನ್ನಿನಲ್ಲಿ ಕಿಡಿ ಹಾರುವ ಕ್ರಮ 1, 3, 4, 2. ನಾನು ಮುಚ್ಚಳದ ಸುತ್ತ ವೈರುಗಳನ್ನು 1, 2, 3, 4 ಎಂದು ಸಾಲಾಗಿ ಜೋಡಿಸಿದ್ದೆ! ಇಂಥ ಇಂಜಿನ್ನಿನಲ್ಲಿ ಒಂದನೆಯ ಮತ್ತು ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿ ಏರಿ ಇಳಿಯುತ್ತವೆ. ಎರಡು ಮತ್ತು ಮೂರು ಇನ್ನೊಂದು ಜೋಡಿ. ಒಂದು ಜೋಡಿಯಲ್ಲಿ ಒಂದಕ್ಕೆ ಕಿಡಿ ಬಿದ್ದರೆ ಮುಂದಿನ ಸರದಿ ಮತ್ತೊಂದು ಜೋಡಿಯದು. ಎರಡರ ಹಿಂದೆಯೇ ಮೂರು ಬರುವುದು ಸಾಧ್ಯವೇ ಇಲ್ಲ.

ಕನ್ನಡ ಎಂ.ಎ. ತರಗತಿಗೆ ಗ್ರಂಥಸಂಪಾದನೆಯನ್ನು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಕೈಯಲ್ಲಿ ಹಿಡಿದು, ತನಗೆ ತಿಳಿಯದ ಪಾಠವನ್ನು ತಿಳಿದ ಪಾಠವಾಗಿ ತಿದ್ದಿಬಿಡುವ ಲಿಪಿಕಾರನನ್ನು ವಿದ್ಯಾರ್ಥಿಗಳ ಮುಂದೆ ಎಷ್ಟು ಬಾರಿ ಹಾಸ್ಯ ಮಾಡಿದ್ದೇನೆ! ಆ ಭಾನುವಾರ ಸಂಜೆ 1, 3, 4, 2 ಎಂಬ ಕ್ಲಿಷ್ಟ ಪಾಠವನ್ನು 1, 2, 3, 4 ಎಂಬ ಸುಲಭ ಪಾಠವಾಗಿ ತಿದ್ದಿದ ಲಿಪಿಕಾರನು ನಾನೇ. ಅವನಾದರೂ ತಾಳೆಗರಿಯ ಮುಂದೆ ಒಬ್ಬನೇ ಕುಳಿತಿದ್ದನು. ನನಗೆ ಎಚ್ಚರಿಸುವವನೊಬ್ಬನು ಪಕ್ಕದಲ್ಲಿಯೇ ಇದ್ದನು. "ತಾತ, ಮೊದಲು ಈ ವೈರು ಇಲ್ಲಿರಲಿಲ್ಲ" ಎಂದು ಟಾರ್ಚು ಹಿಡಿದ ಹುಡುಗ ಹೇಳಿದ್ದ. "ಸುಮ್ಮನಿರೋ, ನಿನಗೇನು ಗೊತ್ತು" ಎಂದಿದ್ದೆ.

ವಿಮಾನಗಳ ದುರಸ್ತಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯುಂಟೆಂದು ನೆರೆಯವರು ಹೇಳಿದರು. ಹಾರಾಟವನ್ನು ನಿಯಂತ್ರಿಸುವ ಭಾಗಗಳನ್ನು ಬಿಚ್ಚಿ ಕೂಡಿಸಿದರೆ, ಕೂಡಿಸಿದವನ ಸಹಿಯೊಂದೇ ಸಾಲದು; ಇನ್ನೊಬ್ಬನು ಸ್ವತಂತ್ರವಾಗಿ ಪರೀಕ್ಷಿಸಿ ಸಹಿ ಹಾಕಬೇಕು. ಕೆಲಸಗಾರನ ಮೇಲೆ ಅಪನಂಬಿಕೆಯಿಂದ ಮಾಡಿದ ನಿಯಮವಲ್ಲ ಅದು. ತಪ್ಪು ಮಾಡಿದ ಕಣ್ಣಿಗೆ ಆ ತಪ್ಪು ಸರಿಯಾಗಿಯೇ ಕಾಣುತ್ತದೆ. ಅದಕ್ಕಾಗಿ ಎರಡನೆಯ ಕಣ್ಣು ಬೇಕು.

ಇಂದಿನ ಕಾರುಗಳಲ್ಲಿ ಪಾಯಿಂಟೂ ಇಲ್ಲ, ಡಿಸ್ಟ್ರಿಬ್ಯೂಟರೂ ಇಲ್ಲ, ಸೆನ್ಸರುಗಳಿವೆ, ಕಂಪ್ಯೂಟರಿದೆ. ಆದರೂ ಬಿಚ್ಚಿದ ಕನೆಕ್ಟರೊಂದನ್ನು ಮತ್ತೆ ಸಿಕ್ಕಿಸದೆ ಬಿಟ್ಟರೆ ಆ ಕಾರೂ ನಿಲ್ಲಬಹುದು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ವೈರುಗಳನ್ನು ಒಂದೊಂದಾಗಿಯೇ ಬದಲಾಯಿಸಿ. ಒಂದು ಕೆಲಸವಾದೊಡನೆ ಇಂಜಿನ್ನನ್ನು ಚಾಲೂ ಮಾಡಿ ನೋಡಿ, ಅನಂತರ ಮುಂದಿನದಕ್ಕೆ ಹೋಗಿ. ಮರುದಿನ ಮುಖ್ಯವಾದ ಪ್ರಯಾಣವಿದ್ದರೆ ಹಿಂದಿನ ಸಂಜೆ ಕಾರಿಗೆ ಕೈ ಹಾಕಬೇಡಿ.

ವೈರುಗಳನ್ನು ಮೊಮ್ಮಗನ ಕೈಯಿಂದಲೇ ಸರಿಯಾಗಿ ಹಾಕಿಸಿದೆವು. ಕೀಲಿ ತಿರುಗಿಸಿದೊಡನೆ ಇಂಜಿನ್ನು ಹೊತ್ತಿಕೊಂಡಿತು. "ತಪ್ಪು ನನ್ನದಪ್ಪ" ಎಂದು ಅವನಿಗೆ ಹೇಳಿದೆ. ಅರುವತ್ತು ದಾಟಿದವನಿಗೆ ಆ ಮಾತು ವೈರು ಜೋಡಿಸಿದಷ್ಟು ಸುಲಭವಾಗಿ ಬರಲಿಲ್ಲ. ತಾಯಿಯವರನ್ನು ಕರೆತರಲು ಇಬ್ಬರೂ ಆಸ್ಪತ್ರೆಯ ಕಡೆಗೆ ಹೊರಟೆವು.