ಮನಸ್ಸಿಗೂ ಚಿಕಿತ್ಸಕರು ಬೇಕು: ನಮ್ಮ ಶಾಲೆಯಿಂದಲೂ ಬರಲಿ
(ಸುವರ್ಣ ಮಹೋತ್ಸವದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕ್ಷೇತ್ರಕ್ಕೆ ಬರುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದಾರೆ. ಆ ದಾರಿ ಹೇಳಲು ಈಗ ಮನೆಗೊಬ್ಬರಿದ್ದಾರೆ. ಹಾಗಾಗಿ ನಾನು ಹತ್ತನೇ ತರಗತಿಯಲ್ಲಿದ್ದಾಗ ಯಾರೂ ಹೇಳದಿದ್ದ ಇನ್ನೊಂದು ದಾರಿಯ ಬಗ್ಗೆ ಹೇಳುತ್ತೇನೆ. ಅದು ಮನಸ್ಸಿಗೆ ಚಿಕಿತ್ಸೆ ಕೊಡುವವರ ದಾರಿ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನನಗೆ ತಿಂಗಳುಗಟ್ಟಲೆ ನಿದ್ದೆ ಬರಲಿಲ್ಲ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಇಸಿಜಿ ಮಾಡಿಸಿದರೆ ಎಲ್ಲ ಸರಿಯಿತ್ತು. ಯಾರೋ ಹೇಳಿದರೆಂದು 'ಥೆರಪಿಸ್ಟ್' ಎಂದು ಬೋರ್ಡು ಹಾಕಿಕೊಂಡವರೊಬ್ಬರ ಹತ್ತಿರ ಹೋದೆ. ನಾಲ್ಕು ಸಲ ದುಡ್ಡು ಕೊಟ್ಟೆ. ಡಾಕ್ಟರ ಬಳಿ ಹೋಗಬೇಡಿ, ನನ್ನ ಕೋರ್ಸಿಗೆ ಸೇರಿ ಎಂದರು. ತೊಂದರೆ ಇನ್ನೂ ಹೆಚ್ಚಿತು. ಅವರ ಓದು ಕೆಲವೇ ವಾರಗಳ ಒಂದು ಸರ್ಟಿಫಿಕೇಟು ಎಂದು ಆಮೇಲೆ ತಿಳಿಯಿತು. ಕೊನೆಗೆ ಆಸ್ಪತ್ರೆಯೊಂದರಲ್ಲಿ ಮನೋವೈದ್ಯರನ್ನು ಕಂಡೆ. ಅವರು ನನ್ನನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ಕಳಿಸಿದರು. ಆಕೆ ಕನ್ನಡದಲ್ಲಿ "ಏನಾಗುತ್ತೆ, ಹೇಳಿ" ಎಂದರು. "ಎದೆ ಝಲ್ ಅನ್ನುತ್ತೆ, ಮೇಡಂ" ಎಂದೆ. ಅಷ್ಟು ದಿನ ಇಂಗ್ಲಿಷಿನಲ್ಲಿ ಹೇಳಲಾಗದೆ ಒದ್ದಾಡಿದ್ದು ಆ ಒಂದು ಮಾತಿನಲ್ಲಿ ಹೊರಬಂತು. ನಾನು ಚೇತರಿಸಿಕೊಂಡೆ.

ಹಾಗಾದರೆ ಯಾರು ಯಾರು? ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಅಥವಾ ಅದಕ್ಕೆ ಸಮನಾದ ಓದು ಮಾಡಿದವರು, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಬರೆಯುವುದಿಲ್ಲ. ಪರೀಕ್ಷೆಗಳಿಂದ ತೊಂದರೆಯನ್ನು ಗುರುತಿಸಿ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಎಂ.ಎಸ್.ಡಬ್ಲ್ಯೂ. ಓದಿದವರು ಮುಂದೆ ತರಬೇತಿ ಪಡೆದು ಮನೋವೈದ್ಯಕೀಯ ಸಮಾಜಕಾರ್ಯಕರ್ತರಾಗಬಹುದು. ನರ್ಸಿಂಗ್ ಓದಿದವರಿಗೂ ಈ ವಿಭಾಗದಲ್ಲಿ ದಾರಿ ಇದೆ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಈವರೆಗಿನ ರೂಢಿಯ ದಾರಿ ಹೀಗಿದೆ: ಪಿಯುಸಿ 2 ವರ್ಷ, ಮನೋವಿಜ್ಞಾನದಲ್ಲಿ ಪದವಿ 3 ವರ್ಷ, ಎಂ.ಎ. ಅಥವಾ ಎಂ.ಎಸ್ಸಿ. 2 ವರ್ಷ, ಆಮೇಲೆ ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ರೋಗಿಗಳನ್ನು ನೋಡುತ್ತಾ ಕಲಿಯುವ ಎಂ.ಫಿಲ್. 2 ವರ್ಷ. ಒಟ್ಟು 9 ವರ್ಷ. ಎಂಜಿನಿಯರಿಂಗಿಗೆ 6 ವರ್ಷ ಸಾಕು. ಹೆಚ್ಚಿನ ಆ 3 ವರ್ಷಕ್ಕೆ ಮನೆಯವರು ಮನಸ್ಸು ಮಾಡಬೇಕು. ಪಿಯುಸಿಯಲ್ಲಿ ವಿಜ್ಞಾನವೇ ಬೇಕೆಂದಿಲ್ಲ. ಕಲಾ ವಿಭಾಗದಿಂದಲೂ ಹೋಗಬಹುದು. ಆರ್ಟ್ಸ್ ತಗೊಂಡ ಮಕ್ಕಳನ್ನು ದಡ್ಡರೆನ್ನುವುದನ್ನು ದಯವಿಟ್ಟು ಬಿಡೋಣ. ಎಂ.ಫಿಲ್. ಪದವಿಯನ್ನೇ ಕೈಬಿಡಲು ಯುಜಿಸಿ ತೀರ್ಮಾನಿಸಿರುವುದರಿಂದ ಅದರ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ಸೇರುವ ಮುಂಚೆ ಆ ವರ್ಷ ಆ ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಿ. ಮಾನ್ಯತೆಯಿಲ್ಲದ ಕಡೆ ಫೀಸು ಕಟ್ಟಿದರೆ ದುಡ್ಡೂ ಹೋಯಿತು, ವರ್ಷಗಳೂ ಹೋದವು.

ಓದು ಮುಗಿದ ಮೇಲೆ 1992ರ ಕಾಯ್ದೆಯಂತೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಬೇಕು. ವಕೀಲರಿಗೆ ಸನ್ನದು ಇದ್ದ ಹಾಗೆ ಇದು. ಊರಿನ ಹಿರಿಯರೇ, ಚಿಕಿತ್ಸೆಗೆ ಹೋದಾಗ "ನಿಮ್ಮ ನೋಂದಣಿ ಸಂಖ್ಯೆ ಏನು?" ಎಂದು ಕೇಳಿ. ಸರಿಯಾದವರು ಬೇಸರಪಡುವುದಿಲ್ಲ. ನಾನು ಕೇಳಲಿಲ್ಲ, ಪೆಟ್ಟು ತಿಂದೆ.

ನಮ್ಮ ನಾಡು ಈ ವಿದ್ಯೆಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ಮನೋವಿಜ್ಞಾನ ವಿಭಾಗ ಕಟ್ಟಿದರು. ಮೈಸೂರಿನಲ್ಲಿ 'ಆಕಾಶವಾಣಿ' ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅದರ ತಾಂತ್ರಿಕ ಕೆಲಸ ಬೆಂಗಳೂರಿನ ಐಐಐಟಿಯದು. ನಮ್ಮಂಥ ಸಾಫ್ಟ್‌ವೇರಿನವರು ಫೋನು ಮುಟ್ಟಿಸುವ ವ್ಯವಸ್ಥೆ ಮಾಡಬಹುದು. ಆದರೆ ಫೋನಿನ ಆ ಕಡೆ ಕೂತು ಕೇಳಲು ಮನುಷ್ಯರೇ ಬೇಕು.

ಆ ಮನುಷ್ಯರು ಇಲ್ಲಿಂದಲೇ ಬರಬಹುದು. ನಾವು ಕನ್ನಡ ಮಾಧ್ಯಮದವರು ಎಂದು ಪಟ್ಟಣದಲ್ಲಿ ಹಿಂಜರಿಯುತ್ತೇವೆ. ಈ ಕೆಲಸದಲ್ಲಿ ಅದೇ ನಿಮ್ಮ ಬಲ. ಬೆಳೆ ಕೈಕೊಟ್ಟ ರೈತರು "ಯಾಕೋ ಏನೂ ಬೇಡ ಅನ್ನಿಸ್ತದೆ" ಎಂದರೆ ಅದರ ತೂಕ ನಿಮಗೆ ಗೊತ್ತಾಗುತ್ತದೆ. "ಗಾಳಿ ಸೋಕಿದೆ" ಎನ್ನುವ ಅಜ್ಜಿಯನ್ನು ನೋಡಿ ನೀವು ನಗುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿ, ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತೀರಿ.

ಐವತ್ತು ವರ್ಷಗಳಲ್ಲಿ ಈ ಶಾಲೆ ನಮ್ಮಂಥ ಎಷ್ಟೋ ಮಂದಿಗೆ ದಾರಿ ತೋರಿಸಿದೆ. ಮುಂದಿನ ಸಲ ಹಳೆಯ ವಿದ್ಯಾರ್ಥಿಗಳು ಸೇರುವಾಗ ಈ ವೇದಿಕೆಯ ಮೇಲೆ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ನಿಂತು ಮಾತಾಡಲಿ. ಈ ದಾರಿ ಹಿಡಿಯುವ ಮಕ್ಕಳು ನನ್ನನ್ನು ಕೇಳಿ. ಅರ್ಜಿ ತುಂಬುವುದರಿಂದ ಹಿಡಿದು ನನ್ನ ಕೈಲಾದದ್ದನ್ನು ಮಾಡುತ್ತೇನೆ.